ಟೈಪಿಂಗ್ ಮಾತ್ರ ಅವಳದ್ದು

ಹೇವರ್ಡ್, ಕ್ಯಾಲಿಫೋರ್ನಿಯಾ
17 ಸೆಪ್ಟೆಂಬರ್ 2000, ಆದಿತ್ಯವಾರ

ಪ್ರೀತಿಯ ಮೈಥಿಲಿ,

ನಿನ್ನ ಮೇ ತಿಂಗಳ ಪತ್ರ ಬಂತು, ಜುಲೈ ತಿಂಗಳದ್ದೂ ಬಂತು. ಎರಡಕ್ಕೂ ಸೇರಿಸಿ ಈಗ ಉತ್ತರ ಬರೆಯಲಿಕ್ಕೆ ಕೂತಿದ್ದೇನೆ, ನಾಚಿಕೆ ಬಿಟ್ಟು. ಬೈಯುವುದಿದ್ದರೆ ಮೊದಲು ಬೈದು ಮುಗಿಸು, ಆಮೇಲೆ ಓದು. ನಿನ್ನ ಅತ್ತೆಯ ಮೊಣಕಾಲು ಈಗ ಹೇಗುಂಟು? ಹೆಡ್‌ಮಿಸ್ಟ್ರೆಸ್ ಆದ ಮೇಲೆ ನಿನ್ನ ಸ್ವರ ಮತ್ತೂ ದೊಡ್ಡದಾಗಿದೆ, ಬಸ್ ಸ್ಟ್ಯಾಂಡಿನವರೆಗೆ ಕೇಳಿಸುತ್ತದೆ ಎಂದು ಅಮ್ಮ ಬರೆದಿದ್ದಳು. ಸಂತೋಷವಾಯಿತು. ನಮ್ಮಿಬ್ಬರಲ್ಲಿ ಒಬ್ಬಳಿಗಾದರೂ ಸ್ವರ ಇರಲಿ.

ಇಲ್ಲಿ ನಾವೆಲ್ಲ ಕ್ಷೇಮ. ಪ್ರಣೀತಾಳಿಗೆ ಐದು ತುಂಬಿತು, ಈ ತಿಂಗಳಿಂದ ಕಿಂಡರ್‌ಗಾರ್ಟನ್‌ಗೆ ಹೋಗುತ್ತಿದ್ದಾಳೆ. ನಾನು ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ತಿರುಗಿಸಿ ಕೊಡುತ್ತಾಳೆ. ಮೊನ್ನೆ ಟೀಚರು ಕೇಳಿದರಂತೆ, ಅಪ್ಪ ಏನು ಮಾಡುತ್ತಾರೆ, ಅಮ್ಮ ಏನು ಮಾಡುತ್ತಾರೆ ಎಂದು. ಅಪ್ಪ ಕ್ರಿಕೆಟ್ ಕಾಮೆಂಟೇಟರ್, ಅಮ್ಮ ದೋಸೆ ಮಾಡುತ್ತಾಳೆ ಎಂದು ಹೇಳಿ ಬಂದಿದ್ದಾಳೆ. ನನಗೆ ಮೈಯೆಲ್ಲ ಉರಿದುಹೋಯಿತು. ಮಗುವಿನ ತಪ್ಪೇನು, ಅದು ಕಂಡದ್ದನ್ನು ಹೇಳಿತು. ನಾಲ್ಕು ತಿಂಗಳು ನಾನು ನಿನಗೆ ಪತ್ರ ಬರೆಯದೆ ಇದ್ದದ್ದೂ ಇದೇ ಕ್ರಿಕೆಟ್ಟಿನಿಂದ. ಹಾಗಾಗಿ ಮೊದಲಿನಿಂದ ಹೇಳುತ್ತೇನೆ. ಒಳ್ಳೆಯ ಮಾತು ಹೆಚ್ಚು ಇಲ್ಲ ಇದರಲ್ಲಿ, ತಯಾರಾಗಿ ಕೂತುಕೋ.

ನನ್ನ ವೀಸಾ ವಿಷಯ ನಿನಗೆ ಗೊತ್ತು. ಡಿಪೆಂಡೆಂಟ್ ವೀಸಾ. ಗಂಡನ ಜೊತೆ ಇರಬಹುದು, ಅಡುಗೆ ಮಾಡಬಹುದು, ಗ್ರೋಸರಿ ತರಬಹುದು, ಕೆಲಸ ಮಾತ್ರ ಮಾಡುವ ಹಾಗಿಲ್ಲ. ಉಡುಪಿಯಲ್ಲಿ ಕಾಲೇಜಿನ ಹುಡುಗರಿಗೆ ಇಂಗ್ಲಿಷ್ ಪಾಠ ಹೇಳುತ್ತಿದ್ದವಳು ಇಲ್ಲಿ ನಾಲ್ಕೂವರೆ ವರ್ಷದಿಂದ ಕೌಂಟರ್ ಒರೆಸುತ್ತಿದ್ದೇನೆ. ಅಪಾರ್ಟ್‌ಮೆಂಟ್ ಇವರ ಹೆಸರಿನಲ್ಲಿ, ಕಾರು ಇವರ ಹೆಸರಿನಲ್ಲಿ, ಫೋನು, ಕರೆಂಟು, ಕಸದ ಬಿಲ್ಲು ಸಮೇತ ಶ್ರೀಮಾನ್ ಸರ್ವೋತ್ತಮರ ಹೆಸರಿನಲ್ಲಿ. ನನ್ನ ಹೆಸರು ಇರುವುದು ಲೈಬ್ರರಿ ಕಾರ್ಡಿನಲ್ಲಿ ಒಂದೇ.

ಏಪ್ರಿಲ್ ತಿಂಗಳಲ್ಲಿ ಒಂದು ಬೆಳಿಗ್ಗೆ ಮನೆಯ ಕಂಪ್ಯೂಟರಿನಲ್ಲಿ ಏನೋ ಹುಡುಕುವಾಗ ಇಂಗ್ಲೆಂಡಿನ ಯಾವುದೋ ಊರಿನ ರೇಡಿಯೋ ಸಿಕ್ಕಿತು. ಕೌಂಟಿ ಪಂದ್ಯದ, ಅಂದರೆ ಅಲ್ಲಿಯ ಜಿಲ್ಲೆ ಜಿಲ್ಲೆಗಳ ಪಂದ್ಯದ ಕಾಮೆಂಟರಿ! ಅವರು ಅದನ್ನು ಇಂಟರ್ನೆಟ್ಟಿಗೂ ಬಿಡುತ್ತಾರೆ. ಬೇರೆ ಸ್ಟೇಷನ್ನುಗಳೂ ಇದ್ದವು, ಆದರೆ ನಮ್ಮ ದರಿದ್ರ ಫೋನ್ ಲೈನಿನಲ್ಲಿ ತೆರೆದುಕೊಂಡದ್ದು ಅದೊಂದೇ. ಹಾಗೆ ಆ ಕೌಂಟಿ ನನ್ನ ಕೌಂಟಿಯಾಯಿತು. ಅಷ್ಟು ಹೊಲಸು ತಂಡವನ್ನು ನೀನು ನೋಡಿಲ್ಲ. ಕ್ಯಾಚು ಬಿಡುವುದಕ್ಕೇ ಸಂಬಳ ಕೊಟ್ಟ ಹಾಗೆ ಬಿಡುತ್ತಾರೆ. ಅಜ್ಜರಕಾಡು ಮೈದಾನದಲ್ಲಿ ನನ್ನ ಅಪ್ಪ ಸ್ಕೋರು ಬರೆಯುವಾಗ ನಾವಿಬ್ಬರೂ ಪೆನ್ಸಿಲು ಚೂಪು ಮಾಡಿಕೊಡುತ್ತಾ ಕೂತಿರುತ್ತಿದ್ದೆವಲ್ಲ, ಆಗ ಆಡುತ್ತಿದ್ದ ಬ್ಯಾಂಕಿನ ಗುಮಾಸ್ತರೇ ಇವರಿಗಿಂತ ವಾಸಿ.

ಕಾಮೆಂಟರಿ ಹೇಳುವವರು ಇಬ್ಬರು ಮುದುಕರು. ನಾನು ಅವರಿಗೆ ದೊಡ್ಡಜ್ಜ, ಸಣ್ಣಜ್ಜ ಎಂದು ಹೆಸರಿಟ್ಟೆ. ದೊಡ್ಡಜ್ಜನಿಗೆ ಕೇಕೆಂದರೆ ಪ್ರಾಣ. ಯಾವಳೋ ಪುಣ್ಯಾತ್ಗಿತ್ತಿ ಲೆಮನ್ ಕೇಕು ಮಾಡಿ ಕಳಿಸುತ್ತಾಳೆ. ಅದು ಬಂದಿತೆಂದರೆ ಎರಡು ಓವರು ಕೇಕಿನ ವರ್ಣನೆ, ಬಾಯಿ ತುಂಬ ಇಟ್ಟುಕೊಂಡು. ಸಣ್ಣಜ್ಜನಿಗೆ ಪಾರಿವಾಳ. ಮಿಡ್‌ವಿಕೆಟ್ಟಿನಲ್ಲಿ ಎಷ್ಟು ಪಾರಿವಾಳ ಕೂತಿವೆ ಎಂದು ಎಣಿಸಿ ಹೇಳುತ್ತಾನೆ, ಸ್ಕೋರು ಎಷ್ಟಾಯಿತೆಂದು ಹೇಳುವುದಿಲ್ಲ. ಹೇಸಿಗೆ! ಕೇಳುವವರು ಬದುಕಿದ್ದಾರೋ ಸತ್ತಿದ್ದಾರೋ ಎಂಬ ಗೊಡವೆಯೇ ಇಲ್ಲ ಇವರಿಗೆ. ಆದರೂ ದಿನಾ ಕೇಳಿದೆ, ಮಾರಾಯ್ತಿ. ಅಪ್ಪ ಕಲಿಸಿದ ಹಾಗೆ ಪುಸ್ತಕದಲ್ಲಿ ಚುಕ್ಕೆ ಹಾಕುತ್ತಾ ಕೇಳಿದೆ. ಹತ್ತು ದಿನದಲ್ಲಿ ಚಪ್ಪಾಳೆಯ ಸದ್ದು ಕೇಳಿಯೇ ಬೌಂಡರಿಯೋ ಔಟೋ ಎಂದು ಗೊತ್ತಾಗುವಷ್ಟು ಕಿವಿ ಪಳಗಿತು.

ಅದೇ ತಂಡದ ಅಭಿಮಾನಿಗಳದ್ದು ಒಂದು ವೆಬ್‌ಸೈಟು ಉಂಟು. ರೇಡಿಯೋ ಸಿಗದವರಿಗಾಗಿ ಯಾರಾದರೂ ಕೇಳಿ ಕೇಳಿ, ಬಾಲಿಗೊಂದು ಸಾಲಿನ ಹಾಗೆ ಟೈಪ್ ಮಾಡಿ ಹಾಕಬೇಕು. ಲಂಚ್‌ವರೆಗೆ ದುಬಾಯಿಯ ಒಬ್ಬ ಹುಡುಗ ಬರೆಯುತ್ತಿದ್ದ. ಲಂಚ್ ನಂತರಕ್ಕೆ ಜನ ಬೇಕಾಗಿತ್ತು. ಅಲ್ಲಿಯ ಲಂಚ್ ಮುಗಿಯುವಾಗ ನಮಗೆ ಬೆಳಿಗ್ಗೆ ಐದೂ ಮುಕ್ಕಾಲು. ಮನೆ ಮಲಗಿರುತ್ತದೆ. ನಾನು ಬರೆಯುತ್ತೇನೆ ಎಂದೆ. ಸೈಟಿಗೆ ಸೇರಲಿಕ್ಕೆ ನಮ್ಮ ಇಂಟರ್ನೆಟ್ ಅಕೌಂಟಿನ ಹೆಸರೇ ಬೇಕು, ಆ ಅಕೌಂಟು ಇವರದ್ದು. ಹಾಗಾಗಿ ನಾನು ಬರೆದ ಪ್ರತಿ ಸಾಲಿನ ಎದುರು ಸರ್ವೋತ್ತಮ, ಸರ್ವೋತ್ತಮ, ಸರ್ವೋತ್ತಮ ಎಂದು ಬಿತ್ತು. ಆಗ ನನಗೆ ಅದರಲ್ಲಿ ಎಂಥದ್ದೂ ಕಾಣಲಿಲ್ಲ. ಬರೆಯಲಿಕ್ಕೆ ಸಿಕ್ಕಿತಲ್ಲ ಎಂಬ ಹುಚ್ಚು.

ಬೈದುಬೈದು ಬರೆದೆ ಮೈಥಿಲಿ. ಬ್ಯಾಟ್ಸ್‌ಮನ್ನಿಗೆ ಬೈದೆ, ಕ್ಯಾಪ್ಟನ್ನಿಗೆ ಬೈದೆ, ಅಜ್ಜಂದಿರಿಗೆ ಬೈದೆ. "ಬಾಲು ಪ್ಯಾಡಿಗೆ ಬಡಿಯಿತು. ಔಟೋ ಅಲ್ಲವೋ ತಿಳಿಯದು. ದೊಡ್ಡವರು ಕೇಕು ತಿನ್ನುತ್ತಿದ್ದಾರೆ, ನುಂಗಿದ ಮೇಲೆ ಹೇಳುತ್ತೇನೆ" ಎಂದು ಒಂದು ದಿನ ಹಾಕಿದೆ. ಅದಕ್ಕೆ ನೈರೋಬಿಯಿಂದ ಒಬ್ಬರು, ಸ್ಕಾಟ್‌ಲ್ಯಾಂಡಿನಿಂದ ಒಬ್ಬಳು ನರ್ಸು, ಮೆಲ್ಬರ್ನಿನಿಂದ ಒಬ್ಬ ಟ್ಯಾಕ್ಸಿಯವನು ಬರೆದರು, ನಕ್ಕು ನಕ್ಕು ಸಾಕಾಯಿತು ಎಂದು. ಜೂನ್ ಹೊತ್ತಿಗೆ ಪಂದ್ಯಕ್ಕಿಂತ ನನ್ನ ಬೈಗುಳ ಓದಲಿಕ್ಕೆ ಬರುವವರೇ ಜಾಸ್ತಿ. ಎಲ್ಲರೂ ಬರೆಯುವುದು "ಡಿಯರ್ ಮಿಸ್ಟರ್ ಸರ್ವೋತ್ತಮ" ಎಂದು. ಇಷ್ಟು ಕ್ರಿಕೆಟ್ ಗೊತ್ತಿರುವವನು, ಇಷ್ಟು ಬೈಯುವವನು ಗಂಡಸಲ್ಲದೆ ಮತ್ತೆ ಯಾರು!

ಇವರಿಗೆ ಮೊದಲು ಗೊತ್ತಿರಲಿಲ್ಲ. ಫೋನು ಯಾವಾಗಲೂ ಎಂಗೇಜು ಎಂದು ಒಂದೆರಡು ಸಲ ರೇಗಿದ್ದರು, ಅಷ್ಟೇ. ಇವರು ಇಲ್ಲಿಯೇ ಹೇವರ್ಡಿನಲ್ಲಿ ಒಂದು ವೇರ್‌ಹೌಸ್ ಕಂಪನಿಯ ಸಾಫ್ಟ್‌ವೇರ್ ಟೆಸ್ಟ್ ಮಾಡುತ್ತಾರೆ, ಅಂದರೆ ಮಾಡುತ್ತಿದ್ದರು. ಜುಲೈಯಲ್ಲಿ ಒಂದು ಶನಿವಾರ ಇಂಡಿಯನ್ ಗ್ರೋಸರಿಯಲ್ಲಿ ಮಧುಕರ್ ಸಿಕ್ಕಿದರು. ಹಾಸನದವರು, ಸನಿವೇಲ್‌ನಲ್ಲಿ ಕೆಲಸ, ಕನ್ನಡ ಕೂಟದ ಸೆಕ್ರೆಟರಿ. ಅವರು ಬದನೆಕಾಯಿ ಬಿಟ್ಟು ಓಡಿ ಬಂದು ಇವರ ಕೈ ಹಿಡಿದುಕೊಂಡರು.

"ಏನ್ ಸಾರ್ ನೀವು, ಹೇಳೋದೇ ಇಲ್ವಲ್ಲ! ಆ ಕೌಂಟಿ ಕಾಮೆಂಟರಿ ಸರ್ವೋತ್ತಮ ನೀವೇನಾ? ನಮ್ಮ ಆಫೀಸಲ್ಲಿ ಮೀಟಿಂಗು ಬಿಟ್ಟು ಓದ್ತೀವಿ ಸಾರ್. ಸಖತ್ತಾಗಿ ಬರೀತೀರಾ!"

ಇವರು ನನ್ನ ಮುಖ ನೋಡಿದರು. ನಾನು ಕೊತ್ತಂಬರಿ ಕಟ್ಟು ನೋಡಿದೆ. ಆಮೇಲೆ ಇವರು ಹಲ್ಲು ಕಿರಿದು, "ಹೀಗೇ ಏನೋ, ಟೈಮ್ ಪಾಸಿಗೆ" ಎಂದರು. ಟೈಮ್ ಪಾಸು! ನಾನು ಐದು ಗಂಟೆ ಕತ್ತು ನೋಯಿಸಿಕೊಂಡು ಟೈಪ್ ಮಾಡಿದ್ದು ಇವರ ಟೈಮ್ ಪಾಸು. ಕಾರಿನಲ್ಲಿ ಕೇಳಿದೆ, ಯಾಕೆ ಹಾಗೆ ಹೇಳಿದ್ದು ಎಂದು. "ಅಲ್ಲಿ ಅಂಗಡಿಯಲ್ಲಿ ನಿಂತು ಪುರಾಣ ಹೇಳ್ಲಿಕ್ಕೆ ಆಗ್ತದಾ? ನಿನ್ನದು ನನ್ನದು ಅಂತ ಎಂಥ ಉಂಟು ನಮ್ಮಲ್ಲಿ?" ಎಂದರು. ಹೌದಲ್ಲ, ಎಂಥದ್ದೂ ಇಲ್ಲ. ನನ್ನದು ಎಂಥದ್ದೂ ಇಲ್ಲ.

ಅಲ್ಲಿಂದ ಇವರಿಗೆ ಅದರ ರುಚಿ ಹತ್ತಿತು. ಮಧುಕರ್ ಮನೆಯಲ್ಲಿ, ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ಕಿನಲ್ಲಿ, ಗಂಡಸರೆಲ್ಲ ಇವರ ಸುತ್ತ ಕೂತರು. ನಮ್ಮ ಕೌಂಟಿಯ ಒಬ್ಬ ಎಡಗೈ ಸ್ಪಿನ್ನರ್ ಬಗ್ಗೆ ನಾನು ಬರೆದಿದ್ದೆ, ಅವನು ಬಾಲು ಹಾಕುವ ಮೊದಲು ಎರಡು ಸಲ ಮೂಗು ಒರೆಸಿಕೊಂಡರೆ ಅದು ನೇರ ಬಾಲು ಎಂದು. ಅಜ್ಜಂದಿರು ಬೇರೆ ಬೇರೆ ದಿನ ಹೇಳಿದ್ದನ್ನು ಮೂರು ಪಂದ್ಯ ಗುರುತು ಹಾಕಿಟ್ಟುಕೊಂಡು ಕಂಡುಹಿಡಿದದ್ದು ಅದು. ಯಾರೋ ಕೇಳಿದರು, ಅದು ನಿಮಗೆ ಹೇಗೆ ಹೊಳೆಯಿತು ಸಾರ್ ಎಂದು. ಇವರು ಕಾಲ ಮೇಲೆ ಕಾಲು ಹಾಕಿ, "ಅದೆಲ್ಲ ಒಂದು ಇನ್‌ಸ್ಟಿಂಕ್ಟ್" ಎಂದರು. ನಾನು ಅವರ ತಟ್ಟೆಗೆ ಪತ್ರೊಡೆ ಬಡಿಸುತ್ತಿದ್ದೆ. ಸ್ಪಿನ್ನರ್ ಎಡಗೈಯವನೋ ಬಲಗೈಯವನೋ ಎಂದು ಕೇಳಿದ್ದರೆ ಇವರಿಗೆ ಹೇಳಲಿಕ್ಕೆ ಬರುತ್ತಿರಲಿಲ್ಲ, ದೇವರಾಣೆಗೂ.

ಆಗಸ್ಟಿನಲ್ಲಿ ಒಂದು ಪಂದ್ಯವಾಯಿತು. ನಾಲ್ಕನೇ ದಿನ, ನಮ್ಮದು ಒಂಬತ್ತು ವಿಕೆಟ್ ಹೋಗಿ ಇನ್ನು ಹನ್ನೊಂದು ಓವರು ಬಾಕಿ. ಕೊನೆಯ ಬ್ಯಾಟ್ಸ್‌ಮನ್ ಚಳಿಗಾಲದಲ್ಲಿ ಬಡಗಿ ಕೆಲಸ ಮಾಡುವವನು, ಇಡೀ ಸೀಸನ್ನಿನಲ್ಲಿ ಇಪ್ಪತ್ತು ರನ್ ಮಾಡದವನು. ಅವನು ಉಳಿದರೆ ಡ್ರಾ. ಆ ಹೊತ್ತಿಗೆ ಇಬ್ಬರೂ ಅಜ್ಜಂದಿರಿಗೆ ಸ್ವರವೇ ಬರುತ್ತಿಲ್ಲ. ಕೇಕಿಲ್ಲ, ಪಾರಿವಾಳವಿಲ್ಲ, ಬರೀ ಉಸಿರಾಟ. ಬೌಲರಿನ ಬೂಟಿನ ಸದ್ದು, ಬ್ಯಾಟಿನ ಸದ್ದು, ಮತ್ತೆ ಉಸಿರಾಟ. ನಾನು ಬೈಯುವುದನ್ನೇ ಮರೆತೆ. ಕೇಳಿದ್ದನ್ನು ಕೇಳಿದ ಹಾಗೆ ಬರೆದೆ. ಪ್ರಣೀತಾ ಎದ್ದು ಬಂದು ಹಾಲು ಕೇಳಿದರೆ, "ಸುಮ್ಮನಿರು, ಬಡಗಿ ಆಡ್ತಿದ್ದಾನೆ" ಎಂದೆನಂತೆ. ಅವನೂ ಜೊತೆಯವನೂ ಸೇರಿ ಅರುವತ್ತಾರು ಬಾಲನ್ನೂ ತಡೆದರು. ಡ್ರಾ ಆಯಿತು. ದೊಡ್ಡಜ್ಜ ಮೈಕಿನ ಎದುರು ಮೂಗು ಸೀಟಿದ. ನಾನು ಕಂಪ್ಯೂಟರಿನ ಎದುರು ಅತ್ತೆ. ಇಡೀ ಪತ್ರದಲ್ಲಿ ಒಳ್ಳೆಯ ಮಾತೆಂದರೆ ಇದು ಒಂದೇ, ಇನ್ನು ಹುಡುಕಬೇಡ.

ಆ ದಿನ ಬರೆದದ್ದನ್ನು ಜನ ಒಬ್ಬರಿಗೊಬ್ಬರು ಕಳಿಸಿಕೊಂಡರು. ಪಾಲೋ ಆಲ್ಟೋದಲ್ಲಿ ಹೊಸತಾಗಿ ಶುರುವಾದ ಒಂದು ಡಾಟ್‌ಕಾಮ್ ಕಂಪನಿಯವರೂ ಓದಿದರು. ಪ್ರಪಂಚದ ಎಲ್ಲ ಕ್ರಿಕೆಟ್ ಪಂದ್ಯಗಳಿಗೂ ಹೀಗೆ ಕಾಮೆಂಟರಿ ಬರೆಸುವುದು ಅವರ ಉದ್ಯೋಗ. ಈಮೇಲು ಬಂತು, ಮಿಸ್ಟರ್ ಸರ್ವೋತ್ತಮರಿಗೆ. ನಮ್ಮ ಮುಖ್ಯ ಕಾಮೆಂಟೇಟರ್ ಆಗುತ್ತೀರಾ, ಒಂದು ಪಂದ್ಯ ನಡೆಯುವ ದಿನ ಬೆಳಿಗ್ಗೆ ಬಂದು ನಮ್ಮೆದುರು ಬರೆದು ತೋರಿಸಿ, ವೀಸಾ ಎಲ್ಲ ನಾವೇ ನೋಡಿಕೊಳ್ಳುತ್ತೇವೆ ಎಂದು.

ನಾನು ಇವರಿಗೆ ನೇರ ಹೇಳಿದೆ, ನಾನು ಎಂದು ಹೇಳಿಬಿಡಿ, ಈ ವೀಸಾ ನನಗೆ ಸಿಕ್ಕರೆ ನಾನೂ ಮನುಷ್ಯಳಾಗುತ್ತೇನೆ ಎಂದು. ಮೂರನೆಯ ದಿನ, "ನೋಡು, ಅವರು ಕರೆದದ್ದು ನನ್ನ ಹೆಸರು. ಮೊದಲೇ ಇಲ್ಲ ಅಂದ್ರೆ ಬಾಗಿಲೇ ಮುಚ್ಚಿ ಹೋಗ್ತದೆ. ಮೊದಲು ಒಳಗೆ ಹೋಗುವ, ಮತ್ತೆ ಹೇಳುವ. ನೀನೂ ಬಾ" ಎಂದರು. ಅಲ್ಲಿ ಬರೆದು ತೋರಿಸುವುದು ಹೇಗೆ ಎಂದು ಕೇಳಿದೆ. ಅದಕ್ಕೂ ಉಪಾಯ ಮಾಡಿಟ್ಟಿದ್ದರು. ಮಣಿಕಟ್ಟು ನೋವು, ಹಾಗಾಗಿ ನಾನು ಬಾಯಲ್ಲಿ ಹೇಳುತ್ತೇನೆ, ಹೆಂಡತಿ ಟೈಪ್ ಮಾಡುತ್ತಾಳೆ ಎನ್ನುವುದು. ಮಣಿಕಟ್ಟಿಗೆ ಕಟ್ಟಿಕೊಳ್ಳಲಿಕ್ಕೆ ಡ್ರಗ್ ಸ್ಟೋರಿನಿಂದ ಒಂದು ಪಟ್ಟಿಯನ್ನೂ ತಂದರು. ಆ ಪಟ್ಟಿ ನೋಡಿದಾಗ ನನಗೆ ಬಂದ ಅಸಹ್ಯ ಹೇಳಿ ಮುಗಿಯುವುದಿಲ್ಲ. ಅದು ಸಡಿಲವಾಗಿತ್ತು, ಗಟ್ಟಿಯಾಗಿ ಬಿಗಿದು ಕಟ್ಟಿಕೊಟ್ಟವಳು ನಾನೇ.

ಹೋದ ತಿಂಗಳು ಮೂವತ್ತರಂದು ಹೋದೆವು. ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಸೇತುವೆ ದಾಟಿ, ಏಳಕ್ಕೆ ಪಾಲೋ ಆಲ್ಟೋದಲ್ಲಿದ್ದೆವು. ಆಫೀಸೋ ಮಕ್ಕಳ ಆಟದ ಕೋಣೆಯೋ ಗೊತ್ತಾಗುವುದಿಲ್ಲ. ನೆಲದ ಮೇಲೆ ಮೆತ್ತೆಯ ಚೀಲಗಳು, ಅದರ ಮೇಲೆ ಬರಿಗಾಲಿನ ಹುಡುಗರು, ಗೋಡೆ ತುಂಬ ಬ್ಯಾಟು ಹಿಡಿದವರ ಚಿತ್ರ. ಕಂಪನಿಯ ಯಜಮಾನ ಗೌತಮ್, ಬೆಂಗಳೂರಿನ ಹತ್ತಿರದವನು, ಇಪ್ಪತ್ತೇಳು ವರ್ಷ ಇರಬಹುದು. ಬರಹಗಳನ್ನೆಲ್ಲ ನೋಡಿಕೊಳ್ಳುವವಳು ವಾಣಿಶ್ರೀ, ಮಂಡ್ಯದವಳು, ನಮ್ಮದೇ ವಯಸ್ಸಿನವಳು. ಮಾತು ಕಡಿಮೆ, ಕಣ್ಣು ಚುರುಕು.

ದೊಡ್ಡ ಸ್ಪೀಕರಿನಲ್ಲಿ ನಮ್ಮ ಅಜ್ಜಂದಿರ ಸ್ವರ ಬಿಟ್ಟರು. ನಾನು ಕಂಪ್ಯೂಟರಿನ ಎದುರು ಕೂತೆ. ಇವರು ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು ನನ್ನ ಹಿಂದೆ ನಿಂತರು. "ಗುಡ್ ಬಾಲ್. ಡಿಫೆಂಡೆಡ್" ಎಂದರು. ನಾನು ನನಗೆ ಬೇಕಾದ್ದನ್ನು ಬರೆದೆ. "ನೈಸ್ ಬಾಲ್. ನೋ ರನ್" ಎಂದರು. ನಾನು ಕ್ಯಾಪ್ಟನ್ನಿಗೆ ನಾಲ್ಕು ಸಾಲು ಬೈದೆ. ಇವರು ಹೇಳುವುದು ಮೂರು ಶಬ್ದ, ಪರದೆಯ ಮೇಲೆ ಬರುವುದು ಮೂವತ್ತು. ಗೌತಮ್ ಪರದೆ ನೋಡಿ ನಗುತ್ತಿದ್ದ, ಇವರ ಬಾಯಿ ನೋಡುತ್ತಿರಲಿಲ್ಲ. ವಾಣಿಶ್ರೀ ಎರಡನ್ನೂ ನೋಡುತ್ತಿದ್ದಳು.

ಅಷ್ಟರಲ್ಲಿ ಬ್ಯಾಟಿನ ಸದ್ದಾಯಿತು, ಅದರ ಹಿಂದೆ ಚಪ್ಪಾಳೆ. ಅಜ್ಜಂದಿರು ಇನ್ನೂ ಬಾಯಿ ತೆರೆದಿರಲಿಲ್ಲ. ಇವರು ಹಿಂದಿನಿಂದ "ಫೋರ್!" ಎಂದು ಕೂಗಿದರು. ನಾನು ಆಗಲೇ "ಔಟ್" ಎಂದು ಬರೆದಿದ್ದೆ. ನಮ್ಮೂರ ಮೈದಾನದಲ್ಲಾದರೂ ಅಷ್ಟೇ ಅಲ್ಲವಾ, ಬೌಂಡರಿಯ ಚಪ್ಪಾಳೆ ಒಮ್ಮೆಲೇ ಎದ್ದು ನಿಲ್ಲುತ್ತದೆ, ಔಟಾದವನಿಗೆ ಹೊಡೆಯುವ ಚಪ್ಪಾಳೆ ಅವನು ಒಳಗೆ ಹೋಗುವವರೆಗೆ ಎಳೆಯುತ್ತದೆ. ಕೊನೆಗೆ ಸಣ್ಣಜ್ಜ ಹೇಳಿದ, ಔಟ್ ಎಂದು. ಇವರು ಕೆಮ್ಮಿದರು.

ಟೀ ಬ್ರೇಕಿನಲ್ಲಿ ವಾಣಿಶ್ರೀ ನನ್ನನ್ನು ಕಾಫಿ ಮಾಡುವ ಕೋಣೆಗೆ ಕರೆದುಕೊಂಡು ಹೋದಳು. ಲೋಟ ತೊಳೆಯುತ್ತಾ ಕೇಳಿದಳು, "ವಿನೋದಾ ಅವ್ರೇ, ತಪ್ಪು ತಿಳ್ಕೋಬೇಡಿ. ಬರೆಯೋರು ನೀವೇ ಅಲ್ವಾ? ಹೌದು ಅಂದ್ಬಿಡಿ ಸಾಕು. ನಿಮ್ಮ ಹೆಸರಲ್ಲೇ ವೀಸಾ ಫೈಲ್ ಮಾಡ್ತೀವಿ, ನಿಮ್ಮ ಹೆಸರಲ್ಲೇ ಬರುತ್ತೆ ಕಾಮೆಂಟರಿ." ನಾನು ಬಾಯಿ ತೆರೆಯುವಷ್ಟರಲ್ಲಿ ಇವರು ಬಾಗಿಲು ನೂಕಿಕೊಂಡು ಬಂದು, "ಬರೆಯುವುದೆಲ್ಲ ನಾನೇ. ಟೈಪಿಂಗ್ ಮಾತ್ರ ಅವಳದ್ದು" ಎಂದುಬಿಟ್ಟರು. ಅಲ್ಲಿಗೆ ಕತೆ ಮುಗಿಯಿತು. ಕಾಗದಗಳಿಗೆ ಸಹಿ ಬಿತ್ತು. ಯಾರ ಸಹಿ ಎಂದು ನಿನಗೆ ಹೇಳಬೇಕಾಗಿಲ್ಲ.

ಈಗ ಇವರು ಚೀಫ್ ಕಾಮೆಂಟೇಟರ್. ಕಾರ್ಡು ಪ್ರಿಂಟಾಗಿದೆ. ವೆಬ್‌ಸೈಟಿನಲ್ಲಿ ಇವರ ಫೋಟೋ, ಗಲ್ಲಕ್ಕೆ ಕೈಕೊಟ್ಟು ಆಲೋಚನೆ ಮಾಡುವ ಹಾಗೆ. ಏನು ಆಲೋಚನೆ ಮಾರಾಯ್ತಿ, ಊಟಕ್ಕೆ ಎಂಥ ಎಂದಿರಬೇಕು. ಕಂಪನಿಯವರು ಮನೆಗೆ ಹೊಸ ಲೈನು ಹಾಕಿಸಿಕೊಟ್ಟಿದ್ದಾರೆ, ಬೆಳಗಿನ ಆಟ ಇವರು ಮನೆಯಿಂದಲೇ ಬರೆಯಲಿ ಎಂದು. ನಾನು ಐದೂವರೆಗೆ ಎದ್ದು ಬರೆಯುತ್ತೇನೆ. ಕಾಮೆಂಟೇಟರರು ಎಂಟಕ್ಕೆ ಎದ್ದು, "ಸ್ಕೋರು ಎಷ್ಟಾಯ್ತು?" ಎನ್ನುತ್ತಾರೆ. ಅವರು ಹಲ್ಲುಜ್ಜಿ ಬಂದ ಮೇಲೆ ದಿನದ ಆಟವನ್ನು ನಾನು ಸಣ್ಣದಾಗಿ ಹೇಳಿಕೊಡಬೇಕು, ಮಧ್ಯಾಹ್ನ ಆಫೀಸಿನ ಮೀಟಿಂಗಿನಲ್ಲಿ ಮಾತಾಡಲಿಕ್ಕೆ. ಹೇಳಿಕೊಡುತ್ತೇನೆ. ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟ ಹಾಗೆ ಹೇಳಿಕೊಡುತ್ತೇನೆ. ಥೂ.

ಅಕ್ಟೋಬರಿನಲ್ಲಿ ಕನ್ನಡ ಕೂಟದ ಕಾರ್ಯಕ್ರಮದಲ್ಲಿ ಇವರಿಗೆ ಸನ್ಮಾನ ಇಟ್ಟಿದ್ದಾರೆ, ಶಾಲು, ಹಾರ. ಮಧುಕರ್ ಫೋನ್ ಮಾಡಿ, "ಅತ್ತಿಗೆ, ಸಾರ್ ಬಗ್ಗೆ ನೀವೂ ಎರಡು ಮಾತಾಡ್ಬೇಕು" ಎಂದರು. ಆಗಲಿ ಎಂದೆ. ನಿನ್ನೆ ಸೀಸನ್ನು ಮುಗಿಯಿತು. ನಮ್ಮ ಕೌಂಟಿಗೆ ಕೊನೆಯ ಸ್ಥಾನ. ಅಜ್ಜಂದಿರು ಮುಂದಿನ ವರ್ಷ ಬದುಕಿದ್ದರೆ ಸಿಗುವ ಎಂದು ಹೇಳಿ ಎದ್ದುಹೋದರು. ಅದನ್ನೂ ಟೈಪ್ ಮಾಡಿದೆ, ಸರ್ವೋತ್ತಮ ಎಂಬ ಹೆಸರಿನ ಎದುರು. ಇವತ್ತು ಕೈ ಖಾಲಿ, ಹಾಗಾಗಿ ನಿನಗೆ ಬರೆಯುತ್ತಿದ್ದೇನೆ.

ಇಷ್ಟು ಓದಿ ನೀನು ಹಲ್ಲು ಕಡಿಯುತ್ತಿರಬಹುದು. ಇವರು ಕೆಟ್ಟವರಲ್ಲ ಎಂದು ಬರೆಯಬೇಕೆಂದು ಮೂರು ಸಲ ಪೆನ್ನು ಎತ್ತಿದೆ, ಆಗಲಿಲ್ಲ. ಇವತ್ತು ಬಿಟ್ಟುಬಿಡು. ಅಮ್ಮನಿಗೆ ಇದು ಯಾವುದೂ ಹೇಳಬೇಡ. ಅಳಿಯನಿಗೆ ಒಳ್ಳೆಯ ಕೆಲಸ ಸಿಕ್ಕಿತೆಂದು ಬೀದಿಯವರಿಗೆಲ್ಲ ಹಂಚಿ ಆಗಿದೆಯಂತೆ ಅವಳದ್ದು. ನಿನ್ನ ಮಕ್ಕಳಿಬ್ಬರಿಗೂ ನನ್ನ ಆಶೀರ್ವಾದ. ಚಿಕ್ಕವಳು ಜಾಣೆ ಎಂದು ಬರೆದಿದ್ದೀ. ಅವಳಿಗೆ ಹೊಟ್ಟೆ ತುಂಬ ಮೀನು ಕೊಡು, ಜೋರಾಗಿ ಮಾತಾಡಲಿಕ್ಕೆ ಕಲಿಸು, ದೇವರು ಅವಳಿಗೆ ನಿನ್ನ ಗಂಟಲು ಕೊಡಲಿ. ನಿನ್ನ ಅತ್ತೆಗೆ ನಮಸ್ಕಾರ ಹೇಳು.

ನಿನ್ನ
ವಿನೋದಾ

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು. ಎರಡು ದಿನ ಮೇಜಿನ ಮೇಲೆ ಇಟ್ಟುಕೊಂಡು ಈಗ ಹರಿದಿದ್ದೇನೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ ಮೈಥಿಲಿ. ಅದನ್ನು ನಿನಗೆ ಕಳಿಸಲಿಕ್ಕೆ ಮನಸ್ಸಾಗಲಿಲ್ಲ.

ಆ ಕಾಫಿ ಕೋಣೆಗೆ ಇವರು ಬರಲಿಲ್ಲ. ಯಾರೂ ಬರಲಿಲ್ಲ. ಬಾಗಿಲು ಹಾಕಿತ್ತು, ಒಳಗೆ ನಾವಿಬ್ಬರೇ ಇದ್ದೆವು. "ಛೇ ಛೇ, ಬರೆಯುವುದೆಲ್ಲ ಇವರೇ. ಟೈಪಿಂಗ್ ಮಾತ್ರ ನನ್ನದು" ಎಂದವಳು ನಾನು. ವಾಣಿಶ್ರೀ ಒಮ್ಮೆ ಕೇಳಿ ಬಿಡಲಿಲ್ಲ, ಲೋಟ ಕೆಳಗಿಟ್ಟು ನನ್ನ ಕೈ ಹಿಡಿದು ಮತ್ತೊಮ್ಮೆ ಕೇಳಿದಳು. ಮತ್ತೊಮ್ಮೆ ಅದನ್ನೇ ಹೇಳಿದೆ, ನಗುನಗುತ್ತಾ ಹೇಳಿದೆ. ಯಾಕೆಂದು ಕೇಳಬೇಡ. ಇವರ ಮೇಲಿನ ಮಮತೆಯೂ ಅಲ್ಲ, ಹೆದರಿಕೆಯೂ ಅಲ್ಲ. ಡಾಕ್ಟರು ನಿನಗೆ ಎಲ್ಲಿ ನೋವು ಎಂದು ಕೇಳಿದರೂ ಇವರ ಮುಖ ನೋಡಿ 'ಇವರನ್ನು ಕೇಳಿ' ಎನ್ನುವವಳು ನಾನು. ಆ ಬಾಯಿಗೆ ಬೇರೆ ಮಾತು ಬರಲಿಲ್ಲ.

ಇನ್ನೂ ಉಂಟು. ವಾಪಸು ಬರುವಾಗ ಸೇತುವೆಯ ಮೇಲೆ ಇವರು ಮಣಿಕಟ್ಟಿನ ಪಟ್ಟಿ ಬಿಚ್ಚಿ ಹಿಂದಿನ ಸೀಟಿಗೆ ಬಿಸಾಡಿ ಹೇಳಿದರು, "ನೀನು ಒಳಗಿರುವಾಗ ನಾನು ಗೌತಮನಿಗೆ ನಿಜ ಹೇಳಿದೆ. ಆ ಫೋರ್ ಅಂತ ಕೂಗಿದ ಮೇಲೆ ನನಗೇ ಅಸಹ್ಯ ಆಯ್ತು. ಬರೆಯುವುದು ಇವಳು, ಇವಳನ್ನು ತಕೊಳ್ಳಿ ಅಂದೆ. ಅಷ್ಟರಲ್ಲಿ ಆ ವಾಣಿಶ್ರೀ ಬಂದು, ಇಲ್ಲ, ಸಾರೇ ಬರೆಯೋದಂತೆ, ಮೇಡಮ್ಮೇ ಹೇಳಿದ್ರು ಅಂದಳು. ಅವ ನಕ್ಕ, ಇಷ್ಟು ಮಾಡೆಸ್ಟಿ ಯಾಕೆ ಸಾರ್ ಅಂತ. ನೀನೇ ಹಾಗೆ ಹೇಳಿದ ಮೇಲೆ ನಾನು ಎಂಥ ಮಾಡುವುದು? ಯಾಕೆ ಹೇಳಿದೆ ಹಾಗೆ?" ಇವರು ಉತ್ತರಕ್ಕಾಗಿ ಮನೆ ಬರುವವರೆಗೆ ಕಾದರು. ಆಮೇಲೆ ಮತ್ತೆ ಕೇಳಲಿಲ್ಲ, ಎರಡೇ ದಿನದಲ್ಲಿ ಕಾರ್ಡಿಗೆ ಯಾವ ಬಣ್ಣ ಚಂದ ಎಂದು ಕೇಳಿದರು. ಅದಕ್ಕಾಗಿ ಇವರನ್ನು ಬೈಯುವುದು ಸುಲಭ, ಹತ್ತು ಹಾಳೆ ಬೈದೆ ನೋಡು. ಹೇಸಿಗೆ ಹುಟ್ಟಿದ್ದು ನನ್ನ ಮೇಲೆ.

ಇವತ್ತು ಬೆಳಿಗ್ಗೆ ಧೈರ್ಯ ಮಾಡಿದೆ. ಇವರು ಆಫೀಸಿಗೆ ಹೊರಟ ಮೇಲೆ, ಹೇಳಬೇಕಾದ ಮಾತನ್ನು ಕಾಗದದಲ್ಲಿ ಬರೆದಿಟ್ಟುಕೊಂಡು ವಾಣಿಶ್ರೀಗೆ ಫೋನ್ ಮಾಡಿದೆ. ಎರಡು ರಿಂಗಿಗೆ ಎತ್ತಿದಳು. "ವಾಣಿಶ್ರೀಯವರಾ?" ಎಂದೆ.

"ಹೌದು, ಯಾರು ಮಾತಾಡ್ತಿರೋದು?" ಎಂದಳು.

"ನಾನು, ಮಿಸೆಸ್ ಸರ್ವೋತ್ತಮ" ಎಂದೆ. ಎಂದು, ಫೋನು ಇಟ್ಟುಬಿಟ್ಟೆ.